ಅಂಗಡಿಯ ಅರ್ಥಿಂಗ್: ಅಳೆದವರು ಯಾರು, ಅಳೆದದ್ದು ಏನು?

ಮುಂಗಾರು ಹಿಡಿದು ನಾಲ್ಕು ದಿನ ಕಳೆದವೆಂದರೆ ನಮ್ಮ ಕಡೆಯ ಪೇಟೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಶಟರ್ ಹಿಡದ್ರ ಜುಮ್ ಅಂತೈತಿ ನೋಡ್ರಿ.” ಮೂಡಲಗಿ, ಗೋಕಾಕ, ಸಂಕೇಶ್ವರ, ಘಟಪ್ರಭಾ, ಯಾವ ಊರಿನ ಬಜಾರಾದರೂ ಇದೇ ಕತೆ. ಅಂಗಡಿಯವರು ರಬ್ಬರ್ ಚಪ್ಪಲಿ ಮೆಟ್ಟಿ, ಕೈಗೆ ಒಣ ಬಟ್ಟೆ ಸುತ್ತಿಕೊಂಡು ಶಟರ್ ಎತ್ತುತ್ತಾರೆ. ಮಳೆ ಹೊರಪಾದ ಮೇಲೆ ಜುಮ್ಮೆನ್ನುವುದು ನಿಲ್ಲುತ್ತದೆ, ಅದರ ಮಾತೂ ನಿಲ್ಲುತ್ತದೆ. ಆದರೆ ಕಾರಣ ಅಲ್ಲೇ ಕೂತಿರುತ್ತದೆ. ನಾಮಫಲಕದ ಲೈಟಿಗೆ ಎಳೆದ ವಾಯರಿನ ಹೊದಿಕೆ ಬಿಸಿಲಿಗೆ ಬಿರಿದಿದೆ, ಮಳೆನೀರು ಅದರೊಳಗೆ ಇಳಿದಿದೆ, ಕರೆಂಟು ಶಟರಿನ ಚೌಕಟ್ಟಿಗೆ ಬಂದು ನಿಂತಿದೆ. ಆ ಚೌಕಟ್ಟಿನಿಂದ ನೆಲಕ್ಕೆ ಸರಿಯಾದ ತಂತಿ ಇದ್ದಿದ್ದರೆ ಅದು ಯಾವಾಗಲೋ ಇಳಿದುಹೋಗುತ್ತಿತ್ತು, ಇಲ್ಲವೇ ಬ್ರೇಕರ್ ಬೀಳುತ್ತಿತ್ತು. ತಂತಿ ಇಲ್ಲದ್ದರಿಂದ ಶಟರ್ ಎತ್ತುವವನ ಮೈಯೇ ಅದಕ್ಕೆ ದಾರಿ.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಇತ್ತೀಚಿನ ವರ್ಷಗಳ ವರದಿಗಳ ಪ್ರಕಾರ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಾರೆ. ಹೊಲದಲ್ಲಿ ಹರಿದುಬಿದ್ದ ತಂತಿ ತುಳಿದು ಸತ್ತವರ ಸುದ್ದಿ ಪತ್ರಿಕೆಗೆ ಬರುತ್ತದೆ. ಅಂಗಡಿಯೊಳಗೆ ವಾಟರ್ ಕೂಲರ್ ಮುಟ್ಟಿ, ಹಿಟ್ಟಿನ ಗಿರಣಿಯ ಮೋಟರ್ ಮುಟ್ಟಿ ಹೋದವರದು “ಶಾಕ್ ಹೊಡೀತು” ಎಂಬ ಎರಡೇ ಪದದಲ್ಲಿ ಮುಗಿಯುತ್ತದೆ. ಅಲ್ಲಿ ಅರ್ಥಿಂಗ್ ಇತ್ತೇ, ಇದ್ದರೆ ಕೊನೆಯ ಸಲ ಅಳೆದದ್ದು ಯಾವಾಗ, ಅಳೆದ ಕಾಗದ ಎಲ್ಲಿದೆ ಎಂದು ಕೇಳುವವರಿಲ್ಲ. ಈ ಮೂರು ಪ್ರಶ್ನೆಗಳನ್ನು ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ನಮ್ಮ ಮೂರು ತಾಲ್ಲೂಕುಗಳ ಪೇಟೆಯನ್ನು ನೋಡುವುದು ಈ ಲೇಖನದ ಉದ್ದೇಶ.

ವಿದ್ಯುತ್ತಿನ ವಿಷಯದಲ್ಲಿ ಈ ಸೀಮೆ ಹಿಂದುಳಿದದ್ದಲ್ಲ. ಗೋಕಾಕ ಜಲಪಾತದ ದಂಡೆಯ ಗಿರಣಿಗೆ 1887ರಲ್ಲೇ ನೀರಿನ ಬಲದಿಂದ ವಿದ್ಯುತ್ ತಯಾರಾಯಿತೆಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹುಕ್ಕೇರಿಯದು ಇನ್ನೊಂದು ಬಗೆಯ ಹೆಗ್ಗಳಿಕೆ. 1969ರಲ್ಲಿ ದೇಶದ ಐದು ಕಡೆ ಪ್ರಾಯೋಗಿಕವಾಗಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳು ಹುಟ್ಟಿದಾಗ ಅವುಗಳಲ್ಲಿ ಒಂದು ಹುಕ್ಕೇರಿಯದಾಗಿತ್ತು. ಕರ್ನಾಟಕದಲ್ಲಿ ಅಂಥ ಸಂಘ ಇರುವುದು ಇದೊಂದೇ. ಗೋಕಾಕ, ಮೂಡಲಗಿ ತಾಲ್ಲೂಕುಗಳಿಗೆ ಸರಕಾರಿ ವಿದ್ಯುತ್ ಕಂಪನಿ ಹೆಸ್ಕಾಂನ ಕರೆಂಟು ಬಂದರೆ, ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಮನೆಗೆ ಹಂಚುವುದು ಈ ಸಂಘ. ಅಂದರೆ ಒಂದೇ ಘಟಪ್ರಭಾ ನದಿಯ ಕಣಿವೆಯಲ್ಲಿ ಎರಡು ಬಗೆಯ ಆಡಳಿತ. ಆದರೆ ಮೀಟರಿನಿಂದ ಈಚೆ, ಅಂಗಡಿಯ ಒಳಗೆ, ಎರಡೂ ಕಡೆ ಸ್ಥಿತಿ ಒಂದೇ.

ನಿಯಮ ಏನನ್ನುತ್ತದೆ ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ನಿಯಮದಲ್ಲಿ ಕೊರತೆ ಇಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಿದ್ದವು, ಅವುಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂತು, 2023ರಲ್ಲಿ ಅದೂ ಹೊಸದಾಯಿತು. ಅರ್ಥಿಂಗ್ ಹೇಗೆ ಮಾಡಬೇಕೆಂದು ಹೇಳುವ ಐಎಸ್ 3043 ಎಂಬ ಸಂಹಿತೆ 1966ರಿಂದ ಇದೆ, 1987ರಲ್ಲೂ 2018ರಲ್ಲೂ ಪರಿಷ್ಕಾರಗೊಂಡಿದೆ. ಕರೆಂಟು ಕೊಡುವ ಮುಂಚೆ ಪ್ರತಿಯೊಂದು ಅರ್ಥಿಂಗನ್ನೂ ಅಳೆಯಬೇಕು, ಕರೆಂಟು ಕೊಡುವವರು ತಮ್ಮ ಅರ್ಥಿಂಗನ್ನು ಎರಡು ವರ್ಷಕ್ಕೊಮ್ಮೆಯಾದರೂ, ಬೇಸಿಗೆಯ ಒಣ ದಿನದಲ್ಲಿ ಅಳೆಯಬೇಕು, ಅಳೆದದ್ದನ್ನು ಬರೆದಿಡಬೇಕು. ಗ್ರಾಹಕನ ಜಾಗದಲ್ಲಿ ಅರ್ಥಿಂಗ್ ತುದಿಯೊಂದನ್ನು ಕೊಡುವುದೂ ಸರಬರಾಜುದಾರರ ಹೊಣೆಯೆಂದು ನಿಯಮ ಹೇಳುತ್ತದೆ. ಕಂಬದಿಂದ ಎರಡೆಳೆಯ ಸರ್ವೀಸ್ ವಾಯರ್ ಎಳೆಸಿಕೊಂಡ ನಮ್ಮ ಅಂಗಡಿಗಳಲ್ಲಿ ಆ ತುದಿಯನ್ನು ಕಂಡವರು ವಿರಳ. 15 ಮೀಟರಿಗಿಂತ ಎತ್ತರದ ಕಟ್ಟಡ, ಸಿನೆಮಾ ಟಾಕೀಸು, ಸ್ವಂತ ಟಿಸಿ (ಟ್ರಾನ್ಸ್‌ಫಾರ್ಮರ್) ಇರುವ ಸಕ್ಕರೆ ಕಾರ್ಖಾನೆ, ಇವು ವಿದ್ಯುತ್ ಪರಿವೀಕ್ಷಣಾಲಯದ ಕಣ್ಣಿಗೆ ಬೀಳುತ್ತವೆ. ಎರಡು ಮಹಡಿಯ, ಹತ್ತು ಹನ್ನೆರಡು ಮಳಿಗೆಯ ಕಾಂಪ್ಲೆಕ್ಸು ಬೀಳುವುದಿಲ್ಲ. ನಮ್ಮ ಪೇಟೆಗಳಲ್ಲಿ ಇರುವುದು ಬಹುಪಾಲು ಅಂಥವೇ.

ಹೊಸ ಮೀಟರ್ ತಗೊಳ್ಳುವಾಗ ಪರವಾನಗಿ ಇರುವ ಕಂಟ್ರ್ಯಾಕ್ಟರ್ ಟೆಸ್ಟ್ ರಿಪೋರ್ಟ್ ಕೊಡುತ್ತಾನೆ. ಅದರಲ್ಲಿ ಅರ್ಥಿಂಗ್ ಎಂಬ ಸಾಲಿನ ಮುಂದೆ ಒಂದು ಅಂಕಿ ಇರುತ್ತದೆ. ಆ ಅಂಕಿ ಅಳೆದು ಬರೆದದ್ದೋ ಅಭ್ಯಾಸಬಲದಿಂದ ಬರೆದದ್ದೋ ಎಂಬುದು ಬರೆದವನ ಮನಸ್ಸಾಕ್ಷಿಗೆ ಬಿಟ್ಟದ್ದು. ಅದಾದ ಮೇಲೆ ಕಟ್ಟಡ ಇಪ್ಪತ್ತು ವರ್ಷ ನಿಂತರೂ ಎರಡನೆಯ ಅಂಕಿ ಹುಟ್ಟುವುದಿಲ್ಲ. ಅಷ್ಟರಲ್ಲಿ ಬಟ್ಟೆ ಅಂಗಡಿ ಹೋಗಿ ಬೇಕರಿ ಬಂದಿರುತ್ತದೆ, ಬೇಕರಿಯ ಒಲೆ ಬಂದಿರುತ್ತದೆ, ಮೇಲೆ ಲ್ಯಾಬ್ ಬಂದಿರುತ್ತದೆ, ಮಾಳಿಗೆ ಮೇಲೆ ಸೋಲಾರ್ ಕೂತಿರುತ್ತದೆ. ಕೆಳಗಿನ ಅರ್ಥ್ ಪಿಟ್, ಅಂದರೆ ಅರ್ಥಿಂಗ್ ಗುಂಡಿ, ಮಾತ್ರ ಮೊದಲ ಬಾಡಿಗೆದಾರನ ಕಾಲದ್ದು, ಅದರ ಮೇಲೆ ಪೇವರ್ಸ್ ಹಾಸಿ ಬೈಕು ನಿಲ್ಲಿಸಿರುತ್ತಾರೆ.

ಈಗ ನೆಲದ ಮಾತಿಗೆ ಬರೋಣ. ಇಲ್ಲಿ ನಮ್ಮ ಸೀಮೆ ಬೇರೆಯವರಿಗಿಂತ ಹೆಚ್ಚು ಪಾಠ ಕಲಿಸುತ್ತದೆ. ಮೂಡಲಗಿಯ ಸುತ್ತ ಎರೆಭೂಮಿ. ಗೋಕಾಕ ಜಲಪಾತ, ಕೊಣ್ಣೂರಿನ ಕಡೆ ಗಟ್ಟಿ ಮರಳುಗಲ್ಲು. ಘಟಪ್ರಭಾ ಕಾಲುವೆಯ ನೀರುಂಡ ಹೊಲಗಳಲ್ಲಿ ಅಲ್ಲಲ್ಲಿ ಸವಳು-ಜವಳು. ಮೂರಕ್ಕೂ ಕರೆಂಟು ಹೀರಿಕೊಳ್ಳುವ ಗುಣ ಬೇರೆ ಬೇರೆ. ಲೆಕ್ಕ ಸುಲಭ: ಮೂರು ಮೀಟರ್ ಉದ್ದದ, ಹೆಬ್ಬೆರಳಿನಷ್ಟು ದಪ್ಪದ ಒಂದು ರಾಡನ್ನು ಹಸಿ ಎರೆಮಣ್ಣಿಗೆ, ಅಂದರೆ ಹತ್ತು ಓಮ್-ಮೀಟರ್ ಆಸುಪಾಸಿನ ಮಣ್ಣಿಗೆ ಹೊಡೆದರೆ ಸುಮಾರು 3 ಓಮ್ ಬರುತ್ತದೆ. ಅದೇ ರಾಡನ್ನು ಸಾವಿರ ಓಮ್-ಮೀಟರಿನ ಕಲ್ಲುನೆಲಕ್ಕೆ ಇಳಿಸಿದರೆ 330 ಓಮ್. ರಾಡು ಅದೇ, ಕೂಲಿ ಅದೇ, ಬಿಲ್ಲೂ ಅದೇ. ಫಲ ನೂರು ಪಟ್ಟು ಬೇರೆ. ಅದಕ್ಕೇ ಒಂದು ಊರಿನ ರೂಢಿಯನ್ನು ಹತ್ತು ಮೈಲಿ ಆಚೆಯ ಊರಿಗೆ ಒಯ್ಯಬಾರದು. ಮಣ್ಣನ್ನೇ ಅಳೆಯುವ ವಿಧಾನವನ್ನು ಅಮೆರಿಕದ ಫ್ರ್ಯಾಂಕ್ ವೆನ್ನರ್ 1915ರಲ್ಲೇ ಪ್ರಕಟಿಸಿದ್ದ: ಸಮ ಅಂತರದಲ್ಲಿ ನಾಲ್ಕು ಗೂಟ, ಹೊರಗಿನ ಎರಡರಲ್ಲಿ ಕರೆಂಟು ಬಿಡುವುದು, ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡುವುದು. ದೊಡ್ಡ ಸಬ್‌ಸ್ಟೇಷನ್ ಕಟ್ಟುವವರು ಇದನ್ನು ಮಾಡುತ್ತಾರೆ. ಕಾಂಪ್ಲೆಕ್ಸ್ ಕಟ್ಟುವವರು ಬೋರ್‌ವೆಲ್‌ಗೆ ಪಾಯಿಂಟ್ ನೋಡಿಸುತ್ತಾರೆ, ಅರ್ಥಿಂಗಿಗೆ ನೋಡಿಸುವುದಿಲ್ಲ.

ಎರೆಮಣ್ಣಿದ್ದರೆ ಚಿಂತೆ ಇಲ್ಲ ಎಂದು ಮೂಡಲಗಿಯವರು ನೆಮ್ಮದಿಯಿಂದ ಇರುವಂತಿಲ್ಲ. ಯುಗಾದಿ ಕಳೆದ ಮೇಲೆ ಹೊಲಕ್ಕೆ ಹೋದವರಿಗೆ ಎರೆಯ ಬಿರುಕು ಗೊತ್ತು, ಕೈ ಇಳಿಸಿದರೆ ಮೊಳಕೈತನಕ ಹೋಗುತ್ತದೆ. ಮಣ್ಣು ಕುಗ್ಗಿದಾಗ ಪೈಪಿಗೂ ಮಣ್ಣಿಗೂ ನಡುವೆ ಗಾಳಿ ಸೇರುತ್ತದೆ. ಶ್ರಾವಣದಲ್ಲಿ 3 ಓಮ್ ತೋರಿಸಿದ ಪಿಟ್ಟು ವೈಶಾಖದಲ್ಲಿ ಅದರ ಹಲವು ಪಟ್ಟು ತೋರಿಸಬಹುದು. ನಿಯಮದಲ್ಲಿ “ಒಣ ಋತುವಿನ ಒಣ ದಿನ” ಎಂದು ಬರೆದವರು ಇದನ್ನು ಬಲ್ಲವರು. ಮಳೆಗಾಲದಲ್ಲಿ ಅಳೆದ ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಿಟ್ಟಿಗೆ ಎರಡು ಕೊಡ ನೀರು ಸುರುವಿ ಅಳೆದದ್ದನ್ನಂತೂ ಹಿಡಿಯಲೇಬಾರದು. ಸವಳು ನೆಲದ ತೊಂದರೆ ಇದಕ್ಕೆ ತಿರುಗುಮುರುಗು. ಉಪ್ಪಿನಂಶ ಇರುವುದರಿಂದ ಓಮ್ ಬಹಳ ಕಡಿಮೆ ಬರುತ್ತದೆ, ಎಲ್ಲರಿಗೂ ಖುಷಿ. ಅದೇ ಉಪ್ಪು ಜಿಐ ಪೈಪನ್ನೂ ಪಟ್ಟಿಯನ್ನೂ ತಿನ್ನುತ್ತದೆ. ಮೇಲೆ ನಟ್ಟು-ಬೋಲ್ಟು ಹೊಳೆಯುತ್ತಿದ್ದರೂ ಒಂದು ಮೊಳ ಕೆಳಗೆ ಪಟ್ಟಿ ತುಕ್ಕು ಹಿಡಿದು ಹಾಳೆಯಂತೆ ಕಿತ್ತುಬರುವುದನ್ನು ಅಗೆದು ನೋಡಿದರೆ ಕಾಣಬಹುದು. ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವ ಹಳೆಯ ಪದ್ಧತಿಯ ದೋಷವೂ ಇದೇ. ಮೊದಲ ವರ್ಷ ಚಂದ, ಆಮೇಲೆ ಉಪ್ಪು ಕರಗಿ ಹೋಗುತ್ತದೆ, ಹೋಗುವ ಮುಂಚೆ ಕಬ್ಬಿಣವನ್ನು ತಿಂದಿರುತ್ತದೆ. ಈಗ ಪೇಟೆಯಲ್ಲಿ ಚೀಲದ ಲೆಕ್ಕದಲ್ಲಿ ಮಾರುವ ಬೆಂಟೋನೈಟ್ ಒಂದು ಜಾತಿಯ ಉಬ್ಬುವ ಜೇಡಿ. ನಮ್ಮ ಎರೆಮಣ್ಣಿನಲ್ಲಿರುವ ಜೇಡಿಯೂ ಅದೇ ಕುಲದ್ದು. ಗೋಕಾಕದ ಕಲ್ಲುನೆಲದಲ್ಲಿ ಪಿಟ್ಟು ತೋಡುವವರು ಕಿತ್ತ ಗರಸನ್ನೇ ಮತ್ತೆ ತುಂಬುವ ಬದಲು ಒಂದು ಟ್ರ್ಯಾಕ್ಟರ್ ಎರೆಮಣ್ಣು ತರಿಸಿ, ವರ್ಷವಿಡೀ ತೇವ ಇರುವಂತೆ ನೋಡಿಕೊಂಡರೆ ಎಷ್ಟೋ ಮೇಲು.

ಅಳೆಯುವುದು ಹೇಗೆ? ಪಠ್ಯದಲ್ಲಿರುವುದು ಮೂರು ಗೂಟದ ವಿಧಾನ. ಅಳೆಯಬೇಕಾದ ರಾಡಿನಿಂದ ದೂರದಲ್ಲಿ, ಸಾಮಾನ್ಯವಾಗಿ 30ರಿಂದ 50 ಮೀಟರ್ ಆಚೆ, ಒಂದು ಗೂಟ ಹೊಡೆದು ಕರೆಂಟು ಬಿಡಬೇಕು. ನಡುವೆ, ಆ ದೂರದ ಶೇಕಡಾ 62ರ ಹತ್ತಿರ, ಇನ್ನೊಂದು ಗೂಟ ಹೊಡೆದು ವೋಲ್ಟೇಜ್ ನೋಡಬೇಕು. ನಡುವಿನ ಗೂಟವನ್ನು ತುಸು ಹಿಂದೆ ಮುಂದೆ ಸರಿಸಿ ಮತ್ತೆ ಅಳೆದರೂ ಅಂಕಿ ಬದಲಾಗದಿದ್ದರೆ ಅದನ್ನು ನಂಬಬಹುದು. ಈ ಕೊನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಡುತ್ತಾರೆ. ಇನ್ನೊಂದು ಎಚ್ಚರ ಜೀವದ ಪ್ರಶ್ನೆ: ರಾಡನ್ನು ಅಳೆಯಲು ಅದರ ತಂತಿ ಬಿಚ್ಚಬೇಕು, ಬಿಚ್ಚಿದ ಗಳಿಗೆಯಿಂದ ಕಟ್ಟಡಕ್ಕೆ ಅರ್ಥಿಂಗ್ ಇಲ್ಲ. ಆದ್ದರಿಂದ ಮೇನ್ ಸ್ವಿಚ್ ಬಂದ್ ಮಾಡದೆ ಆ ಬೋಲ್ಟಿಗೆ ಪಾನಾ ಹಚ್ಚಬಾರದು.

ಮೂಡಲಗಿಯ ಪೇಟೆಯಲ್ಲಿ 50 ಮೀಟರ್ ಬರಿ ನೆಲ ಎಲ್ಲಿಂದ ತರುವುದು? ಅಂಗಡಿಗೆ ಅಂಗಡಿ ಹತ್ತಿದೆ, ಮುಂದೆ ಡಾಂಬರು, ಪಕ್ಕದಲ್ಲಿ ಗಟಾರ, ಕೆಳಗೆ ನೀರಿನ ಪೈಪು. ಹೀಗಾಗಿ ಕ್ಲಾಂಪ್ ಮೀಟರ್ ಜನಪ್ರಿಯವಾಗಿದೆ. ತಂತಿ ಬಿಚ್ಚುವ ಗೋಜಿಲ್ಲ, ದವಡೆ ತೆರೆದು ಅರ್ಥ್ ತಂತಿಯನ್ನು ಕಚ್ಚಿಸಿದರೆ ಅಂಕಿ ಬಂತು. ಆದರೆ ಅದು ಕೆಲಸ ಮಾಡುವುದು ಕರೆಂಟು ಸುತ್ತಿ ಬರಲು ಬೇರೊಂದು ಅರ್ಥಿಂಗ್ ದಾರಿ ಇದ್ದಾಗ ಮಾತ್ರ. ಒಂಟಿ ರಾಡಿಗೆ ಹಾಕಿದರೆ ಅಳತೆಯೇ ಸಿಗದು. ಎರಡು ಪಿಟ್ಟನ್ನು ಪಟ್ಟಿಯಿಂದ ಉಂಗುರದಂತೆ ಸುತ್ತ ಜೋಡಿಸಿ ಆ ಪಟ್ಟಿಯ ಉಂಗುರಕ್ಕೆ ಹಾಕಿದರೆ 0.2 ಓಮ್ ಎಂದು ಬಹಳ ಚಂದದ ಅಂಕಿ ತೋರಿಸುತ್ತದೆ; ಅಳೆದದ್ದು ಮಾತ್ರ ಪಟ್ಟಿಯನ್ನು, ಮಣ್ಣನ್ನಲ್ಲ. ಕಲ್ಲುನೆಲದ ಕಟ್ಟಡದಲ್ಲಿ ಒಂದು ಓಮಿಗಿಂತ ಕಡಿಮೆ ಬಂದಿದೆ ಎಂದು ಯಾರಾದರೂ ಕಾಗದ ಚಾಚಿದರೆ ಮೊದಲು ಕೇಳಬೇಕಾದದ್ದು ಮೀಟರನ್ನು ಎಲ್ಲಿ ಕಚ್ಚಿಸಿದ್ದಿರಿ ಎಂದು.

ಇಷ್ಟೆಲ್ಲ ಪಿಟ್ಟಿನ ಓಮಿನ ಮಾತಾಯಿತು. ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ನಮ್ಮ ಕಂಟ್ರ್ಯಾಕ್ಟರುಗಳು, ಎಂಜಿನಿಯರುಗಳು, ಮಾಲೀಕರು ಎಲ್ಲರ ಗಮನವೂ ಪಿಟ್ಟಿನ ಓಮ್ ಮೇಲೆಯೇ ನಿಂತಿದೆ. ಜೀವ ಉಳಿಯುವುದು ಆ ಅಂಕಿಯೊಂದರಿಂದ ಅಲ್ಲ. ಸಣ್ಣ ಲೆಕ್ಕ ಹಾಕಿ ನೋಡಿ. ಅಂಗಡಿಯ ಪಿಟ್ಟು 5 ಓಮ್, ಊರ ಟಿಸಿಯ ಅರ್ಥಿಂಗ್ 2 ಓಮ್ ಎಂದುಕೊಳ್ಳಿ. ಗಿರಣಿಯ ಮೋಟರಿನಲ್ಲಿ ಫೇಸ್ ವಾಯರ್ ಬಾಡಿಗೆ ಹತ್ತಿತು. 230 ವೋಲ್ಟನ್ನು 7ರಿಂದ ಭಾಗಿಸಿದರೆ ಹರಿಯುವುದು ಸುಮಾರು 33 ಆಂಪಿಯರ್. 32 ಆಂಪಿಯರಿನ ಸಾಮಾನ್ಯ ಬ್ರೇಕರ್, ಅಂದರೆ ಎಂಸಿಬಿ, ಇದನ್ನು ದೋಷವೆಂದೇ ಎಣಿಸುವುದಿಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತದೆ. ಅಷ್ಟು ಹೊತ್ತೂ ಮೋಟರಿನ ಬಾಡಿ ನೆಲಕ್ಕಿಂತ 164 ವೋಲ್ಟ್ ಮೇಲಿರುತ್ತದೆ. ಕಷ್ಟಪಟ್ಟು ಪಿಟ್ಟನ್ನು 1 ಓಮಿಗೆ ಇಳಿಸಿದಿರಿ ಎನ್ನಿ. ಆಗಲೂ 77 ಆಂಪಿಯರ್, ಬಾಡಿಯ ಮೇಲೆ 77 ವೋಲ್ಟ್, ಎಂಸಿಬಿ ಬೀಳಲು ಹಲವು ಸೆಕೆಂಡು. ಸಾಮಾನ್ಯವಾಗಿ 50 ವೋಲ್ಟಿಗಿಂತ ಹೆಚ್ಚಿನದು ಮುಟ್ಟುವ ಕೈಗೆ ಅಪಾಯವೆಂದು ಲೆಕ್ಕ. ಅಂದರೆ ಕಂಬದಿಂದ ಎರಡೆಳೆ ತಂದು, ಮೂರನೆಯದನ್ನು ಸ್ವಂತ ಪಿಟ್ಟಿಗೆ ಇಳಿಸಿದ ಅಂಗಡಿಯಲ್ಲಿ, “ಒಂದು ಓಮ್ ಬಂದಿದೆ” ಎಂಬ ಸರ್ಟಿಫಿಕೇಟಿನ ಕೆಳಗೇ ಒಬ್ಬ ಮನುಷ್ಯ ಸಾಯಬಹುದು.

ಬಿಡುಗಡೆ ಇರುವುದು ಸೋರುವ ಕರೆಂಟನ್ನು ಹಿಡಿಯುವ ಬ್ರೇಕರಿನಲ್ಲಿ. ಅಂಗಡಿಯವರ ಬಾಯಲ್ಲಿ ಅದಕ್ಕೆ ಇವತ್ತಿಗೂ ಇಎಲ್‌ಸಿಬಿ, ಡಬ್ಬಿಯ ಮೇಲೆ ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಅದು ಕಡಿದುಹಾಕುತ್ತದೆ, ಸೋರಿಕೆ ದೊಡ್ಡದಿದ್ದರೆ ಇನ್ನೂ ಬೇಗ. ಇದರ ಮುಂದೆ ಗೋಕಾಕದ ಕಲ್ಲುನೆಲದ 330 ಓಮ್ ಕೂಡ ಸಾಕು: ಅದರಲ್ಲೂ 0.7 ಆಂಪಿಯರ್ ಹರಿಯುತ್ತದೆ, ಬೇಕಾದದ್ದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಹಾಗೆಂದು ಪಿಟ್ಟೇ ಬೇಡವೆಂದಲ್ಲ. ಅರ್ಥ್ ತಂತಿ ಇಲ್ಲದಿದ್ದರೆ ಈ ಬ್ರೇಕರ್ ಯಾರಾದರೂ ಮುಟ್ಟುವ ತನಕ ಕಾಯುತ್ತದೆ; ತಂತಿ ಇದ್ದರೆ ಮುಟ್ಟುವ ಮುಂಚೆಯೇ ಬೀಳುತ್ತದೆ.

ಅದನ್ನು ಹಾಕಿಸಿದ ಅಂಗಡಿಗಳಲ್ಲೂ ಒಂದು ಗೋಳಿದೆ. ಮಳೆ ಬಂತೆಂದರೆ ಬೀಳತೊಡಗುತ್ತದೆ. “ಸಾವ್ಕಾರ್ರ, ಇದು ಸುಮ್‌ಸುಮ್ನ ಬೀಳ್ತೈತ್ರಿ, ತಗದು ಡೈರೆಕ್ಟ್ ಮಾಡ್ತೇನ್ರಿ” ಎಂದು ಹುಡುಗ ಹೇಳುತ್ತಾನೆ, ಸಾಹುಕಾರರು ಹೂಂ ಎನ್ನುತ್ತಾರೆ. ಅದು ಸುಮ್ಮಸುಮ್ಮನೆ ಬೀಳುತ್ತಿರಲಿಲ್ಲ. ಆರಂಭದಲ್ಲಿ ಹೇಳಿದ ನಾಮಫಲಕದ ಹಸಿ ವಾಯರಿನಂಥದ್ದನ್ನೇ ಹಿಡಿದು ಹೇಳುತ್ತಿತ್ತು. ಒಂದೊಂದೇ ಸರ್ಕೀಟು ಬಿಚ್ಚಿ ವಾಯರಿನ ಹೊದಿಕೆಯ ನಿರೋಧ ಅಳೆಯುವ ಮೆಗ್ಗರ್ ಹಚ್ಚಿದರೆ, 500 ವೋಲ್ಟಿನಲ್ಲಿ ಒಂದು ಮೆಗಾಓಮಿಗಿಂತ ಕಡಿಮೆ ತೋರಿಸುವ ಗೆರೆ ಸಿಕ್ಕೇ ಸಿಗುತ್ತದೆ. ಅರ್ಧ ದಿನದ ಕೆಲಸ. ಬ್ರೇಕರಿನ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವುದು ಅರ್ಧ ನಿಮಿಷದ ಕೆಲಸ. ಆ ಗುಂಡಿ ಬ್ರೇಕರನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ ಎಂಬುದು ನೆನಪಿರಲಿ.

ಪೇಟೆಯಲ್ಲಿ ಅರ್ಥಿಂಗನ್ನು ನಿಜವಾಗಿ ಅಳೆಯುವವರು ಯಾರೂ ಇಲ್ಲವೇ? ಇದ್ದಾರೆ. ಬ್ಯಾಂಕು, ಎಟಿಎಂ, ಸ್ಕ್ಯಾನಿಂಗ್ ಸೆಂಟರುಗಳಿಗೆ ಯುಪಿಎಸ್ ಕೂರಿಸಲು ಬರುವವರು. ಅವರು ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜ್ ನೋಡುತ್ತಾರೆ. ಎರಡು ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ಯಂತ್ರ ಚಾಲೂ ಮಾಡುವುದಿಲ್ಲ. ನಮ್ಮ ಪೇಟೆಯಲ್ಲಿ ಈ ಪರೀಕ್ಷೆ ಮನುಷ್ಯನಿಗಿಂತ ಮೊದಲು ಯಂತ್ರಕ್ಕಾಗಿ ಬಂದದ್ದು ನನಗೆ ನೋವಿನ ಸಂಗತಿ. ಅದಕ್ಕಿಂತ ಕೆಟ್ಟದ್ದು ಆ ವೋಲ್ಟನ್ನು ಇಳಿಸಲು ಕೆಲವರು ಹಿಡಿಯುವ ಅಡ್ಡದಾರಿ. ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವಾಯರ್ ಹಾಕಿಬಿಡುತ್ತಾರೆ. ಮೀಟರಿನಲ್ಲಿ ಸೊನ್ನೆ, ಯಂತ್ರ ಚಾಲೂ, ಎಲ್ಲರೂ ಸಮಾಧಾನ. ಮುಂದೊಂದು ದಿನ ಗಾಳಿ-ಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ, ಫೇಸ್ ಕರೆಂಟು ಬಲ್ಬಿನ ಮೂಲಕವೋ ಫ್ಯಾನಿನ ಮೂಲಕವೋ ದಾಟಿ ಆ ತುಂಡು ವಾಯರಿನಿಂದ ಅಂಗಡಿಯ ಎಲ್ಲ ಕಬ್ಬಿಣಕ್ಕೂ ಏರುತ್ತದೆ. ಫ್ರಿಜ್ಜು, ಕೂಲರು, ಯುಪಿಎಸ್ಸಿನ ಪೆಟ್ಟಿಗೆ, ಎಲ್ಲವೂ ಒಟ್ಟಿಗೆ. ಇದನ್ನು ಹಿಡಿಯಲು ದುಬಾರಿ ಸಲಕರಣೆ ಬೇಡ, ಮೇನ್ ಬಂದ್ ಮಾಡಿ ಸಾಕೆಟ್ ಬಿಚ್ಚಿ ನೋಡಿದರೆ ಆಯಿತು. ತಪಾಸಣೆಯ ಮೊದಲ ಉಪಕರಣ ಸ್ಕ್ರೂಡ್ರೈವರೇ.

ಝೆರಾಕ್ಸ್ ಅಂಗಡಿ, ಸಿಎಸ್‌ಸಿ ಸೆಂಟರುಗಳಲ್ಲಿ ಕಂಪ್ಯೂಟರಿನ ಡಬ್ಬಿಗೆ ಟೆಸ್ಟರ್ ಹಚ್ಚಿದರೆ ಮಿಣುಕುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಕಂಪ್ಯೂಟರ್ ಕೆಟ್ಟ ಲಕ್ಷಣವಲ್ಲ. ಅದರ ಪವರ್ ಸಪ್ಲೈಯಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಕೆಪಾಸಿಟರ್ ಡಬ್ಬಿಗೆ ಬಂದು ಕೂಡುತ್ತವೆ; ಅರ್ಥಿಂಗ್ ಇಲ್ಲದಾಗ ಡಬ್ಬಿ ಎರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ, ತೇಲುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಬರೀ ಚುರುಕ್ ಎನ್ನುತ್ತದೆ. ಆದರೆ ಆ ಸಾಕೆಟ್ಟಿನ ಮೂರನೆಯ ರಂಧ್ರದಲ್ಲಿ ಏನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಡೀ ಕಟ್ಟಡದ ಪಿಟ್ಟು ಎಷ್ಟೇ ಚೆನ್ನಾಗಿದ್ದರೂ ಆ ಸಾಕೆಟ್ಟಿಗೆ ಅದು ಇಲ್ಲದ ಹಾಗೆ. ಆದ್ದರಿಂದ ಮುಖ್ಯ ಅರ್ಥ್ ಪಟ್ಟಿಯಿಂದ ಪ್ರತಿಯೊಂದು ಸಾಕೆಟ್ಟಿನ ಪಿನ್ನಿಗೂ, ಪ್ರತಿಯೊಂದು ಮೋಟರಿನ ಬಾಡಿಗೂ ತಂತಿ ಅಖಂಡವಾಗಿದೆಯೇ ಎಂದು ನೋಡುವ ಪರೀಕ್ಷೆಗೆ ನಾನು ಪಿಟ್ಟಿನ ಪರೀಕ್ಷೆಗಿಂತ ಮೇಲಿನ ಸ್ಥಾನ ಕೊಡುತ್ತೇನೆ. ಬಾಡಿಗೆ ಮಳಿಗೆಗಳಲ್ಲಿ ಇದು ಇನ್ನೂ ಮುಖ್ಯ. ಮೂರನೆಯ ಅಂಗಡಿಯವ ಫರ್ನಿಚರ್ ಮಾಡಿಸುವಾಗ ಕತ್ತರಿಸಿದ ಹಸಿರು ತಂತಿ ನಾಲ್ಕನೆಯ, ಐದನೆಯ ಅಂಗಡಿಯನ್ನೂ ಅನಾಥ ಮಾಡಿರುತ್ತದೆ.

2019ರ ಆಗಸ್ಟ್ ನೆನಪಾಗದೆ ಈ ಸೀಮೆಯಲ್ಲಿ ವಿದ್ಯುತ್ ಸುರಕ್ಷೆಯ ಮಾತು ಪೂರ್ತಿಯಾಗದು. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ನಗರದೊಳಗೆ ನೀರು ನುಗ್ಗಿತು. ನೆರೆ ಇಳಿದ ಮೇಲೆ ಅಂಗಡಿಗಳವರು ಮಾಲು ಒಣಗಿಸಿದರು, ಗೋಡೆಗೆ ಸುಣ್ಣ ಬಳಿದರು. ಅಂಥ ಕಟ್ಟಡದಲ್ಲಿ ಸ್ವಿಚ್‌ಬೋರ್ಡಿನೊಳಗೆ ಕೂತ ರಾಡಿ, ವಾಯರಿಂಗ್ ಪೈಪಿನೊಳಗೆ ಉಳಿದ ತೇವ, ಅರ್ಥ್ ಪಟ್ಟಿಯ ಜೋಡಣೆಗೆ ಹಿಡಿದ ತುಕ್ಕು ತಿಂಗಳುಗಟ್ಟಲೆ ಆದ ಮೇಲೆ ಫಲ ಕೊಡುತ್ತವೆ. ನೆರೆ ಕಂಡ ಕಟ್ಟಡವನ್ನು ಹೊಸ ಕಟ್ಟಡವೆಂದೇ ಎಣಿಸಿ, ಮೆಗ್ಗರಿನಿಂದ ಶುರುಮಾಡಿ ಅರ್ಥಿಂಗಿನ ತನಕ ಎಲ್ಲವನ್ನೂ ಮತ್ತೊಮ್ಮೆ ಅಳೆದ ಮೇಲೆಯೇ ಕರೆಂಟು ಕೊಡಬೇಕು. ನೆರೆ ಪರಿಹಾರದ ಪಟ್ಟಿಯಲ್ಲಿ ಈ ತಪಾಸಣೆಯ ಖರ್ಚಿಗೂ ಒಂದು ಸಾಲು ಇರಬೇಕು.

ಖರ್ಚಿನ ಮಾತು ಬಂದಾಗ ಯಾರು ಕೊಡಬೇಕೆಂಬ ಜಗಳ ಏಳುತ್ತದೆ. ಬಾಡಿಗೆದಾರ ಮಾಲೀಕನ ಕಡೆ ತೋರಿಸುತ್ತಾನೆ, ಮಾಲೀಕ ಬಾಡಿಗೆದಾರನ ಯಂತ್ರದ ಕಡೆ ತೋರಿಸುತ್ತಾನೆ, ಇಬ್ಬರೂ ಸೇರಿ ಕಂಬದ ಕಡೆ ತೋರಿಸುತ್ತಾರೆ. ಪಿಟ್ಟು ಮತ್ತು ಮುಖ್ಯ ಪಟ್ಟಿ ಮಾಲೀಕನದು, ಮೀಟರಿನಿಂದ ಒಳಗಿನ ತಂತಿ ಮತ್ತು ಬ್ರೇಕರ್ ಬಾಡಿಗೆದಾರನದು ಎಂದು ಬಾಡಿಗೆ ಕರಾರಿನಲ್ಲೇ ಬರೆಸಿದರೆ ಅರ್ಧ ಜಗಳ ಮುಗಿಯಿತು. ಟ್ರೇಡ್ ಲೈಸೆನ್ಸ್ ನವೀಕರಿಸುವಾಗ ಪುರಸಭೆ ಒಂದು ಅರ್ಥಿಂಗ್ ಪರೀಕ್ಷಾ ಕಾಗದ ಕೇಳುವಂತಾದರೆ ಉಳಿದರ್ಧವೂ ಮುಗಿದೀತು. ಹುಕ್ಕೇರಿ ಸಂಘದ ಮೇಲೆ ನನಗೆ ಹೆಚ್ಚಿನ ನಿರೀಕ್ಷೆ ಇದೆ. ಅಲ್ಲಿ ಕರೆಂಟು ಕೊಳ್ಳುವವನೇ ಸದಸ್ಯ. ಒಂದು ಒಳ್ಳೆಯ ಅರ್ಥ್ ಟೆಸ್ಟರ್, ಒಂದು ಲೂಪ್ ಟೆಸ್ಟರ್, ತರಬೇತಾದ ಇಬ್ಬರು ಹುಡುಗರು, ಇಷ್ಟಿದ್ದರೆ ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಸಂಕೇಶ್ವರದ ಪೇಟೆಯಿಂದ ಶುರುಮಾಡಿ ಅಂಗಡಿ ಅಂಗಡಿಗೆ ಹೋಗಿ ಅಳೆದು, ಮೀಟರ್ ಬೋರ್ಡಿನ ಮೇಲೆ ದಿನಾಂಕ ಸಮೇತ ಚೀಟಿ ಅಂಟಿಸಿ ಬರಬಹುದು. ಲೂಪ್ ಟೆಸ್ಟರ್ ಎಂದು ಬೇಕೆಂದೇ ಹೇಳಿದೆ: ಸಾಕೆಟ್ಟಿನಲ್ಲಿ ಚುಚ್ಚಿದರೆ ಫೇಸಿನಿಂದ ಅರ್ಥ್ ತಂತಿ, ಪಿಟ್ಟು, ಮಣ್ಣು, ಟಿಸಿ ಎಲ್ಲ ಸುತ್ತಿ ಬರುವ ಇಡೀ ದಾರಿಯನ್ನು ಅದು ಒಂದೇ ಸಲ ಅಳೆಯುತ್ತದೆ. ಗೂಟ ಹೊಡೆಯಲು ಜಾಗವಿಲ್ಲದ ನಮ್ಮ ಬಜಾರುಗಳಿಗೆ ಹೇಳಿಮಾಡಿಸಿದ ಉಪಕರಣ. ಸಕ್ಕರೆ ಕಾರ್ಖಾನೆಗಳ ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಅಳೆಯುವ ಉಪಕರಣಗಳೂ ಬಲ್ಲವರೂ ಇದ್ದಾರೆ, ಕಬ್ಬಿನ ಹಂಗಾಮು ಮುಗಿದ ಮೇಲೆ ಅವರಿಗೆ ಬಿಡುವೂ ಇರುತ್ತದೆ. ಬೇಸಿಗೆಯ ಆ ಬಿಡುವು, ಎರೆಭೂಮಿ ಬಿರಿದು ಅರ್ಥಿಂಗ್ ಅತ್ಯಂತ ಕೆಟ್ಟ ಅಂಕಿ ತೋರಿಸುವ ಹೊತ್ತು, ಎರಡೂ ಒಂದೇ ತಿಂಗಳಲ್ಲಿ ಬರುತ್ತವೆ.